ಉಳುವವರ ಕಾಲಂ ಎಲ್ಲಿದೆ?

1

ಕಥೆಯನ್ನೋ ಕಾದಂಬರಿಯನ್ನೋ ಕೈಗೆ ತೆಗೆದುಕೊಂಡಾಗ ನಾವು ಮೊದಲು ಕೇಳುವ ಪ್ರಶ್ನೆ ಒಂದಿದೆ. ಇದರಲ್ಲಿ ಯಾರಿಗೆ ಹೆಸರಿದೆ, ಯಾರಿಗಿಲ್ಲ? ಗೌಡರ ತೊಟ್ಟಿಮನೆಯ ಕಂಬ, ಜಂತೆ, ಜಗಲಿ ಎಲ್ಲವನ್ನೂ ಪುಟಗಟ್ಟಲೆ ಬಣ್ಣಿಸಿ, ಕೊಟ್ಟಿಗೆಯ ಸಗಣಿ ಬಾಚುವವನನ್ನು ಬರೀ 'ಆಳು' ಅಂತ ಕರೆದು ಮುಂದಕ್ಕೆ ಹೋಗುವ ಕೃತಿಗಳನ್ನು ನಾವು ಸಾಕಷ್ಟು ಓದಿದ್ದೇವೆ. ಈ ಪ್ರಶ್ನೆಯನ್ನು ಸಾಹಿತ್ಯಕ್ಕೆ ಮಾತ್ರ ಕೇಳಬೇಕು ಎಂದು ಯಾರೂ ಕಟ್ಟಳೆ ಮಾಡಿಲ್ಲ. ಸರ್ಕಾರದ ಅರ್ಜಿ ನಮೂನೆಯೂ ಒಂದು ಬರವಣಿಗೆಯೇ. ಅದನ್ನು ಬರೆದವನೊಬ್ಬ ಇದ್ದಾನೆ. ಅವನಿಗೆ ಒಂದು ವರ್ಗವಿದೆ, ಒಂದು ಜಾತಿಯಿದೆ, ಅವನು ಹಳ್ಳಿಯನ್ನು ಕಂಡ ರೀತಿ ಆ ನಮೂನೆಯ ಕಾಲಂಗಳಲ್ಲಿ ಕೂತಿದೆ. ಆದ್ದರಿಂದ ಈ ಸಲ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಕವನಸಂಕಲನವನ್ನಲ್ಲ, ಮೊಬೈಲಿನೊಳಗಿನ ಸಂತೆಯನ್ನು.

ರೈತನನ್ನೂ ಕೊಳ್ಳುವವನನ್ನೂ ನೇರವಾಗಿ ಕೂಡಿಸುತ್ತೇವೆ, ನಡುವೆ ಕೂತ ದಲ್ಲಾಳಿಯನ್ನು ತೆಗೆದುಹಾಕುತ್ತೇವೆ ಎನ್ನುವುದು ಈ ಡಿಜಿಟಲ್ ಮಾರುಕಟ್ಟೆಗಳ ಘೋಷಣೆ. ಇದರಲ್ಲಿ ಕರ್ನಾಟಕವೇ ಮುಂದಾಳು. 2014ರಲ್ಲಿ ರಾಜ್ಯ ಸರ್ಕಾರವೂ ಎನ್‌ಸಿಡಿಇಎಕ್ಸ್ ಬಳಗದ ಕಂಪನಿಯೂ ಅರ್ಧರ್ಧ ಪಾಲಿನಲ್ಲಿ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಸಂಸ್ಥೆ ಕಟ್ಟಿದವು. ರಾಜ್ಯದ 150ಕ್ಕೂ ಹೆಚ್ಚು ಮಾರುಕಟ್ಟೆಗಳು ಏಕೀಕೃತ ಮಾರುಕಟ್ಟೆ ವೇದಿಕೆ ಎಂಬ ಒಂದೇ ಜಾಲಕ್ಕೆ ಬಂದವು. ಇದನ್ನು ನೋಡಿಯೇ ಕೇಂದ್ರ ಸರ್ಕಾರ ಇ-ನಾಮ್ ಎಂಬ ರಾಷ್ಟ್ರೀಯ ಕೃಷಿ ಮಾರುಕಟ್ಟೆಯನ್ನು ತಂದಿತು. 8 ರಾಜ್ಯಗಳ 21 ಮಾರುಕಟ್ಟೆಗಳಿಂದ ಶುರುವಾದ ಅದು ಈಗ ಸಾವಿರ ದಾಟಿದೆ. ಅದನ್ನು ಉದ್ಘಾಟಿಸಿದ ದಿನ 2016ರ ಏಪ್ರಿಲ್ 14. ಅಂಬೇಡ್ಕರ್ ಹುಟ್ಟಿದ ದಿನ!

ದಿನ ಆರಿಸಿದವರು ಮನಸಾರೆ ಆರಿಸಿದರೋ ಓಟಿಗಾಗಿ ಆರಿಸಿದರೋ ನಮಗೆ ಬೇಡ. ಆ ಹೆಸರಿನ ದಿನ ಶುರುವಾದ ಮಾರುಕಟ್ಟೆಯನ್ನು ಆ ಹೆಸರಿನ ಅಳತೆಗೋಲಿನಿಂದಲೇ ಅಳೆಯುವ ಹಕ್ಕು ನಮಗಿದೆ. ಅಂಬೇಡ್ಕರರೂ ನಡುವಿನವನನ್ನು ತೆಗೆಯಲು ಹೊರಟವರೇ. ಕೊಂಕಣದಲ್ಲಿ ಸರ್ಕಾರಕ್ಕೂ ರೈತನಿಗೂ ನಡುವೆ ಕೂತು ಕಂದಾಯ ವಸೂಲಿ ಮಾಡುತ್ತಿದ್ದ ಖೋತರನ್ನು ಕಿತ್ತುಹಾಕಲು ಅವರು 1937ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. 1938ರ ಜನವರಿಯಲ್ಲಿ ರೈತರನ್ನು ಕರಕೊಂಡು ಮುಂಬಯಿಯ ಬೀದಿಯಲ್ಲಿ ನಡೆದರು. ಆದರೆ ಅವರ 'ನೇರ'ಕ್ಕೆ ಒಂದು ಅರ್ಥವಿತ್ತು. ನೆಲದಲ್ಲಿ ದುಡಿಯುವವನಿಗೆ ನೆಲದ ಹಕ್ಕು ಕೊಟ್ಟು ನೇರ ಮಾಡುವುದು. ಈ ಹೊಸ 'ನೇರ' ಯಾರನ್ನು ಯಾರಿಗೆ ನೇರ ಮಾಡುತ್ತಿದೆ?

ನಾವು ಯಂತ್ರದ ವಿರೋಧಿಗಳಲ್ಲ ಅಂತ ಮೊದಲೇ ಹೇಳಿಬಿಡುತ್ತೇವೆ. ಹಳೇ ಸಂತೆಯ ಬಗ್ಗೆ ಹಾಡು ಕಟ್ಟುವ ಬಯಕೆ ನಮಗಿಲ್ಲ. ಆ ಸಂತೆಯಲ್ಲಿ ನಮ್ಮವರು ಎಲ್ಲಿ ಕೂರುತ್ತಿದ್ದರು ಅನ್ನೋದು ನಮಗೆ ಗೊತ್ತು.

2

ನಮ್ಮ ಗೆಳೆಯನೊಬ್ಬ ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ಅವನ ತಾಯಿ ಊರಿನ ದೊಡ್ಡಮನೆಯವರ ಎರಡು ಎಕರೆ ಹೊಲವನ್ನು ಬಹಳ ವರ್ಷಗಳಿಂದ ವಾರಕ್ಕೆ ಮಾಡುತ್ತಾಳೆ. ಬಿತ್ತೋದು, ಕಳೆ ತೆಗೆಯೋದು, ಕೊಯ್ಯೋದು, ಕಣ ಮಾಡೋದು ಎಲ್ಲಾ ಅವಳದೇ. ಅರ್ಧ ರಾಗಿ ಹೊಲದವರಿಗೆ, ಅರ್ಧ ಇವಳಿಗೆ. ತನ್ನ ಪಾಲಿನಲ್ಲಿ ವರ್ಷದ ಹಿಟ್ಟಿಗೆ ಇಟ್ಟುಕೊಂಡು ಉಳಿದ ಆರೇಳು ಚೀಲವನ್ನು ಊರ ಸಾಹುಕಾರನಿಗೆ ಹಾಕುತ್ತಿದ್ದಳು. ತೂಕದಲ್ಲಿ ಹೊಡೆಯುತ್ತಾನೆ, ದರದಲ್ಲಿ ಹೊಡೆಯುತ್ತಾನೆ, ಅವಳಿಗೂ ಗೊತ್ತು.

ಮಗ ಓದಿದವನು. ಈ ಸಲ ಮೊಬೈಲಿನಲ್ಲಿ ಮಾರೋಣ ಅಂತ ಕೂತ. ಹೆಸರು ಕೇಳಿತು, ಅವ್ವನ ಹೆಸರು ಕೊಟ್ಟ. ಆಧಾರ್ ಕೇಳಿತು, ಕೊಟ್ಟ. ಫೋನ್ ನಂಬರು ಕೇಳಿತು, ಅವ್ವನಿಗೆ ಫೋನಿಲ್ಲ, ತನ್ನದೇ ಕೊಟ್ಟ. ಸರ್ವೆ ನಂಬರು ಕೇಳಿತು, ಹೊಲದ್ದು ಕೊಟ್ಟ. ಅಲ್ಲಿಗೆ ನಿಂತಿತು. ಹೆಸರು ಹೊಂದುತ್ತಿಲ್ಲ ಅಂತ ತೋರಿಸಿತು. ಹೇಗೆ ಹೊಂದುತ್ತೆ? ಪಹಣಿಯಲ್ಲಿ ದೊಡ್ಡಮನೆಯವರ ಹೆಸರಿದೆ. ಕೊನೆಗೆ ಅವರ ಹೆಸರಿನಲ್ಲೇ ಇವಳ ರಾಗಿಯನ್ನೂ ಮಾರಿದ್ದಾಯ್ತು. ದರ ಸಾಹುಕಾರ ಕೊಡೋದಕ್ಕಿಂತ ಒಳ್ಳೆಯದೇ ಸಿಕ್ಕಿತು, ತೂಕವೂ ಸರಿಯಾಗಿತ್ತು. ಹಣ ಮಾತ್ರ ನೇರವಾಗಿ ಹೊಲದವರ ಬ್ಯಾಂಕ್ ಖಾತೆಗೆ ಹೋಯಿತು. ಆಮೇಲೆ ಮೂರು ವಾರ ಆ ತಾಯಿ ದೊಡ್ಡಮನೆಯ ಜಗಲಿಯ ಕೆಳಗೆ ನಿಂತಳು. ಹಳೇ ಬಾಕಿ, ಬೀಜದ ದುಡ್ಡು, ಹಬ್ಬಕ್ಕೆ ಇಸಕೊಂಡದ್ದು ಎಲ್ಲಾ ಹಿಡಿದು ಉಳಿದದ್ದು ಕೊಟ್ಟರು.

'ಸಾಹುಕಾರ ಮೋಸ ಮಾಡ್ತಿದ್ದ ಕಣಪ್ಪ, ಆದ್ರೆ ದುಡ್ಡು ನನ್ನ ಕೈಗೆ ಹಾಕ್ತಿದ್ದ. ಈಗ ನನ್ನ ರಾಗಿ ದುಡ್ಡಿಗೆ ನಾನೇ ಕೈ ಒಡ್ಡಬೇಕಾಯ್ತಲ್ಲ' ಅಂತ ಅವಳು ಮಗನಿಗೆ ಹೇಳಿದಳಂತೆ.

ಈ ಮಾತನ್ನು ನಾವು ತಲೆಯಿಂದ ತೆಗೆಯಲಾಗುತ್ತಿಲ್ಲ. ಆ ಏರ್ಪಾಟಿನಲ್ಲಿ ಕಳ್ಳತನ ಇರಲಿಲ್ಲ. ಲಂಚ ಇರಲಿಲ್ಲ. ಎಲ್ಲವೂ ನಿಯಮದ ಪ್ರಕಾರ ನಡೆಯಿತು. ನಿಯಮದ ಪ್ರಕಾರ ನಡೆದೇ ಬೆವರು ಸುರಿಸಿದವಳ ದುಡ್ಡು ಜಗಲಿಯ ಮೇಲಕ್ಕೆ ಹತ್ತಿತು. ಮೊದಲು ಅವಳಿಗೂ ದುಡ್ಡಿಗೂ ನಡುವೆ ಒಬ್ಬ ಸಾಹುಕಾರನಿದ್ದ. ಈಗ ಅದೇ ಜಾಗದಲ್ಲಿ ಹೊಲದ ಒಡೆಯ ಬಂದು ಕೂತ. ಕೂರಿಸಿದ್ದು ಆ ನಮೂನೆ.

3

ನಮ್ಮ ಜನರ ಚರಿತ್ರೆಯನ್ನು ನಮೂನೆಗಳ ನಂಬರಿನಲ್ಲೇ ಹೇಳಬಹುದು. ಇದು ತಮಾಷೆಯಲ್ಲ. ಹಳ್ಳಿಯ ಹಿರಿಯರನ್ನು ಕೇಳಿ ನೋಡಿ. ನಮೂನೆ 7 ಅಂದರೆ ಅವರ ಕಣ್ಣು ಅರಳುತ್ತದೆ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ ಆದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಗೇಣಿಗೆ ಮಾಡುತ್ತಿದ್ದವನು ನಮೂನೆ 7ನ್ನು ತುಂಬಿ ಭೂನ್ಯಾಯ ಮಂಡಳಿಗೆ ಹಾಕಬೇಕಿತ್ತು. ಬಗರ್‌ಹುಕುಂ ಸಾಗುವಳಿಯವರಿಗೆ ನಮೂನೆ 50 ಬಂತು, ಆಮೇಲೆ 53, 2018ರಲ್ಲಿ 57. ಈ ಕಾಗದ ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದವರು ಇವತ್ತಿಗೂ ಇದ್ದಾರೆ.

ಪಹಣಿ ಓದಲು ಬಲ್ಲವರಿಗೆ ಇನ್ನೊಂದು ಸಂಗತಿ ಗೊತ್ತು. ಅದರ 9ನೇ ಕಾಲಂ ಒಡೆಯನದು. 12ನೇ ಕಾಲಂ ಸಾಗುವಳಿ ಮಾಡುವವನದು. ಭೂನ್ಯಾಯ ಮಂಡಳಿಯ ಮುಂದೆ ನಿಂತ ಗೇಣಿದಾರನ ಹಣೆಬರಹ ಬಹಳ ಸಲ 12ನೇ ಕಾಲಂನಲ್ಲಿ ತನ್ನ ಹೆಸರು ಇದೆಯೋ ಇಲ್ಲವೋ ಎನ್ನುವುದರ ಮೇಲೆ ನಿಂತಿತ್ತು. ಅಂದರೆ 1974ರ ನಮೂನೆ ಕೇಳಿದ ಪ್ರಶ್ನೆ: ಉಳುವವನು ಯಾರು? ನಮ್ಮ ಮೊಬೈಲಿನ ನಮೂನೆ ಕೇಳುವ ಪ್ರಶ್ನೆ: ಒಡೆಯ ಯಾರು? ಐವತ್ತು ವರ್ಷ ಮುಂದಕ್ಕೆ ಬಂದು ನಾವು 12ರಿಂದ 9ಕ್ಕೆ ಹಿಂದೆ ಸರಿದಿದ್ದೇವೆ.

ನಮೂನೆ 7 ಎಲ್ಲರನ್ನೂ ಉದ್ಧಾರ ಮಾಡಿತೆಂಬ ಭ್ರಮೆ ನಮಗಿಲ್ಲ. ಅದು ಗೇಣಿದಾರನನ್ನು ಕಂಡಿತು, ಕೂಲಿಯವನನ್ನು ಕಾಣಲಿಲ್ಲ. ಕೇರಿಯ ಬಹಳ ಜನ ಗೇಣಿದಾರರೂ ಆಗಿರಲಿಲ್ಲ, ಬರೀ ಆಳಾಗಿದ್ದರು. ಮೇಲಾಗಿ ಆ ಕಾಯ್ದೆ ಕೆಲವು ವಿನಾಯಿತಿ ಬಿಟ್ಟು ಗೇಣಿಯನ್ನೇ ನಿಷೇಧಿಸಿತು. ನಿಷೇಧದಿಂದ ಗೇಣಿ ಸಾಯಲಿಲ್ಲ, ಬಾಯಿಮಾತಿಗೆ ಇಳಿಯಿತು. ವಾರ, ಕೋರು, ಪಾಲು, ಲಾವಣಿ ಅಂತ ಊರಿಗೊಂದು ಹೆಸರಿನಲ್ಲಿ ಇವತ್ತಿಗೂ ನಡೆಯುತ್ತಿದೆ. ಹೀಗೆ ಮಾಡುವವನ ಬಳಿ ಒಂದು ಚೂರು ಕಾಗದವಿಲ್ಲ. ಕಾನೂನಿನ ಕಣ್ಣಿಗೆ ಅವನು ಇಲ್ಲವೇ ಇಲ್ಲ.

ಮೊಬೈಲಿನ ಸಂತೆ ಕಟ್ಟುವವರು ಇದನ್ನೆಲ್ಲ ನೋಡಲಿಲ್ಲ. ಅವರ ಕೈಗೆ ಸಿದ್ಧವಾಗಿ ಸಿಕ್ಕಿದ್ದು ಭೂಮಿ ಯೋಜನೆಯ ಕಂಪ್ಯೂಟರ್ ಪಹಣಿ. 2000ದ ಆಸುಪಾಸಿನಲ್ಲಿ ಕೈಬರಹದ ಪಹಣಿ ಹೋಗಿ ಅದು ಬಂದಾಗ ಶ್ಯಾನುಭೋಗಿಕೆಯ ಕಾಟ ತಪ್ಪಿತು ಅಂತ ನಾವೂ ಸಂತೋಷಪಟ್ಟೆವು. ಸಂತೋಷಕ್ಕೆ ಕಾರಣವೂ ಇತ್ತು. ಆದರೆ ಸತ್ತ ತಾತನ ಹೆಸರು ಕಂಪ್ಯೂಟರಿನಲ್ಲೂ ಹಾಗೇ ಉಳಿಯಿತು, ಸೊಸೆಯ ಹೆಸರು ಬರಲಿಲ್ಲ, ವಾರಕ್ಕೆ ಮಾಡುವವನ ಹೆಸರು ಬರಲಿಲ್ಲ. ಆ ಪಹಣಿಯ ಮೇಲೆ ಫ್ರೂಟ್ಸ್ ಎಂಬ ರೈತರ ನೋಂದಣಿ ನಿಂತಿತು. ಬೆಂಬಲ ಬೆಲೆಗೆ ರಾಗಿ ಭತ್ತ ಹಾಕಬೇಕಾದರೆ ಆ ನೋಂದಣಿಯ ನಂಬರು ಬೇಕು. ಹೀಗೆ ಒಂದರ ಮೇಲೊಂದು ಕಟ್ಟಿದ್ದಾರೆ. ಅಡಿಗಲ್ಲು ಮಾತ್ರ ಅದೇ 9ನೇ ಕಾಲಂ.

ಅಂಕಿಗಳನ್ನು ನೋಡಿ. 2011ರ ಜನಗಣತಿ ಪ್ರಕಾರ ದೇಶದಲ್ಲಿ ಸಾಗುವಳಿದಾರರು 11.88 ಕೋಟಿ, ಕೃಷಿ ಕೂಲಿಗಳು 14.43 ಕೋಟಿ. ಹೊಲದಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಇನ್ನೊಬ್ಬರ ಹೊಲದ ಕೂಲಿಗಳು! 2015-16ರ ಕೃಷಿ ಗಣತಿಯಲ್ಲಿ ನೂರಕ್ಕೆ 86 ಹಿಡುವಳಿಗಳು ಸಣ್ಣವು, ಅತಿಸಣ್ಣವು. ಜನಸಂಖ್ಯೆಯಲ್ಲಿ ನೂರಕ್ಕೆ 16.6 ಇರುವ ಪರಿಶಿಷ್ಟ ಜಾತಿಯವರ ಕೈಯಲ್ಲಿ ಸಾಗುವಳಿ ನೆಲದ ನೂರಕ್ಕೆ 9 ಪಾಲೂ ಇಲ್ಲ. ಹೆಂಗಸರ ಹೆಸರಿನಲ್ಲಿರುವ ಹಿಡುವಳಿ ನೂರಕ್ಕೆ ಸುಮಾರು 14. ನಾಟಿ, ಕಳೆ, ಕೊಯ್ಲಿನಲ್ಲಿ ಹೆಂಗಸರು ನೂರಕ್ಕೆ ಎಷ್ಟು ಅಂತ ಯಾವ ಹೊಲದ ಬದುವಿನಲ್ಲಾದರೂ ನಿಂತು ಎಣಿಸಿಕೊಳ್ಳಿ.

'ಸಣ್ಣ ರೈತ' ಎಂಬ ಪದವನ್ನೂ ಸುಮ್ಮನೆ ಒಪ್ಪಿಕೊಳ್ಳಬಾರದು. 1918ರಷ್ಟು ಹಿಂದೆಯೇ ಅಂಬೇಡ್ಕರ್ ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ಲೇಖನ ಬರೆದರು. ಹಿಡುವಳಿ ಸಣ್ಣದೋ ದೊಡ್ಡದೋ ಎನ್ನುವುದನ್ನು ಎಕರೆಯಿಂದ ಮಾತ್ರ ತೀರ್ಮಾನಿಸಲಾಗದು, ಆ ನೆಲಕ್ಕೆ ಹಾಕಲು ಎಷ್ಟು ಬಂಡವಾಳ, ಎಷ್ಟು ಸಲಕರಣೆ, ಎಷ್ಟು ದುಡಿಮೆ ಇದೆ ಎನ್ನುವುದರಿಂದ ತೀರ್ಮಾನಿಸಬೇಕು ಎಂಬುದು ಅವರ ವಾದ. ನೂರು ವರ್ಷದ ಹಿಂದಿನ ಈ ಮಾತು ಇವತ್ತಿನ ನಮೂನೆಗಿಂತ ಹೊಸದು. ನಮೂನೆ ಎಕರೆ ಕೇಳುತ್ತದೆ, ಗುಂಟೆ ಕೇಳುತ್ತದೆ. ಬೀಜ ಯಾರ ದುಡ್ಡಿನಲ್ಲಿ ತಂದೆ ಅಂತ ಕೇಳುವುದಿಲ್ಲ.

4

ಬೀಜದ ದುಡ್ಡು ಅಂದಕೂಡಲೆ ದಲ್ಲಾಳಿಯ ಮಾತಿಗೆ ಬರಬೇಕು. ದಲ್ಲಾಳಿಯನ್ನು ಬೈಯೋದು ಸುಲಭ. ನಾವೂ ಬೈದಿದ್ದೇವೆ, ಮುಂದೆಯೂ ಬೈಯುತ್ತೇವೆ. ಆದರೆ ಅವನು ಹಳ್ಳಿಯಲ್ಲಿ ಯಾಕೆ ನಿಂತಿದ್ದಾನೆ ಅಂತ ಕೇಳದೆ ಬೈದರೆ ಉಪಯೋಗವಿಲ್ಲ.

ಮೇ ತಿಂಗಳಲ್ಲಿ ಬೀಜ ಗೊಬ್ಬರಕ್ಕೆ ದುಡ್ಡು ಕೊಡುವವನು ಅವನು. ರಾತ್ರಿ ಮಗುವಿಗೆ ಜ್ವರ ಬಂದರೆ ಬಾಗಿಲು ತಟ್ಟುವುದು ಅವನ ಮನೆಯದೇ. ಇಬ್ಬರದು ಮೂರು ಚೀಲ, ನಾಲ್ವರದು ಐದೈದು ಚೀಲ ಕೂಡಿಸಿ ಒಂದು ಲಾರಿ ತುಂಬಿಸುವವನು ಅವನು. ಕಾಳು ಹಸಿಯೋ ಒಣಗಿದೆಯೋ, ಕಲ್ಲಿದೆಯೋ ಅಂತ ಕೈಯಾಡಿಸಿ ಹೇಳುವವನು ಅವನು. ಕೊಂಡವನು ಎರಡು ತಿಂಗಳು ದುಡ್ಡು ಕೊಡದಿದ್ದರೂ ರೈತನ ಕೈಗೆ ಅಷ್ಟೋ ಇಷ್ಟೋ ಹಾಕುವವನು ಅವನು. ಸಾಲ, ಕೂಡಿಸುವುದು, ಗುಣ ನೋಡುವುದು, ದುಡ್ಡಿನ ಹೊಣೆ, ಈ ನಾಲ್ಕೂ ಕೆಲಸಗಳನ್ನು ಅವನು ಧರ್ಮಕ್ಕೆ ಮಾಡುವುದಿಲ್ಲ. ನಾಲ್ಕಕ್ಕೂ ಚರ್ಮ ಸುಲಿಯುತ್ತಾನೆ. ಆದರೆ ಮಾಡುತ್ತಾನೆ. ಸಾಲ ಕೊಟ್ಟವನಿಗೇ ಬೆಳೆ ಹಾಕಬೇಕು ಎನ್ನುವುದು ಊರಿನ ಬರೆಯದ ಕರಾರು. ಮನುಷ್ಯನ ಜೀತವನ್ನು 1976ರ ಕಾನೂನು ರದ್ದು ಮಾಡಿತು. ಬೆಳೆ ಇನ್ನೂ ಜೀತದಲ್ಲಿದೆ. ಮೊಳಕೆ ಒಡೆಯುವ ಮುಂಚೆಯೇ ಮಾರಾಟವಾದ ಬೆಳೆಯನ್ನು ಯಾವ ಪರದೆಯ ಮೇಲೆ ಹರಾಜು ಹಾಕುತ್ತೀರಿ?

ಮಾರುಕಟ್ಟೆ ಜಾಲಕ್ಕೆ ಬಂದದ್ದರಿಂದ ಏನೂ ಲಾಭವಾಗಿಲ್ಲ ಅಂತ ನಾವು ಹೇಳುವುದಿಲ್ಲ. ಅಮೆರಿಕದ ಎಂಐಟಿ ವಿದ್ವಾಂಸರೂ ಇದ್ದ ತಂಡವೊಂದು ಕರ್ನಾಟಕದ ವೇದಿಕೆಯ ಬಗ್ಗೆಯೇ ಸಂಶೋಧನೆ ಮಾಡಿ 2020ರಲ್ಲಿ ಪ್ರಕಟಿಸಿತು. ಭತ್ತದ ದರ ಸರಾಸರಿ ನೂರಕ್ಕೆ 5.1, ಕಡಲೆಕಾಯಿಯದು 3.6, ಮೆಕ್ಕೆಜೋಳದ್ದು 3.5ರಷ್ಟು ಏರಿದ್ದನ್ನು ಅವರು ಕಂಡರು. ಹತ್ತಿ, ಹೆಸರು, ತೊಗರಿಯಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಸರಿ, ಈ ಲಾಭವನ್ನು ಒಂದು ಮನೆಯ ಲೆಕ್ಕಕ್ಕೆ ಇಳಿಸಿ ನೋಡೋಣ. ಉದಾಹರಣೆಗೆ ಒಬ್ಬ 10 ಕ್ವಿಂಟಾಲ್ ಮೆಕ್ಕೆಜೋಳ ಬೆಳೆದ, ಕ್ವಿಂಟಾಲಿಗೆ 2,000 ರೂಪಾಯಿ ಅಂತ ಇಟ್ಟುಕೊಳ್ಳಿ. 20,000 ರೂಪಾಯಿಗೆ ನೂರಕ್ಕೆ 3.5ರಂತೆ 700 ರೂಪಾಯಿ ಹೆಚ್ಚು ಬಂತು. ಅದೇ ಮನುಷ್ಯ ಬಿತ್ತನೆಗೆ 15,000 ಸಾಲ ತಂದು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ಆರು ತಿಂಗಳು ಬಡ್ಡಿ ಕಟ್ಟಿದರೆ 2,700 ಹೋಯಿತು. ಪರದೆ 700 ಕೊಟ್ಟಿತು, ಸಾಲ 2,700 ತಿಂದಿತು. ಯಾವ ಕಡೆ ಕೈ ಹಾಕಬೇಕು ಅಂತ ಮೂರನೇ ಕ್ಲಾಸಿನ ಹುಡುಗನೂ ಹೇಳುತ್ತಾನೆ.

ಇನ್ನೊಂದು ಚೀಟಿಯನ್ನು ಓದೋಣ. 2022ರ ನವೆಂಬರಿನಲ್ಲಿ ಗದಗ ಜಿಲ್ಲೆಯ ರೈತರೊಬ್ಬರು 205 ಕಿಲೋ ಈರುಳ್ಳಿಯನ್ನು ನಾನೂರು ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ತಂದು ಮಾರಿದರು. ಆ ಚೀಟಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಕ್ವಿಂಟಾಲಿಗೆ 200 ರೂಪಾಯಿಯಂತೆ 410 ರೂಪಾಯಿ. ಅದರಲ್ಲಿ ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ, ಹಮಾಲಿ 24 ರೂಪಾಯಿ. ರೈತರ ಕೈಗೆ ಉಳಿದದ್ದು 8 ರೂಪಾಯಿ 36 ಪೈಸೆ. ಎಲ್ಲರೂ ದಲ್ಲಾಳಿ ತಿಂದ ಅಂದರು. ಚೀಟಿಯಲ್ಲಿ ದಲ್ಲಾಳಿ ಕಮಿಷನ್ನಿನ ಸಾಲೇ ಇಲ್ಲ! ಬಿದ್ದ ದರ, ದೂರದ ದಾರಿ, ಇವೆರಡೇ ಆ ಬೆಳೆಯನ್ನು ನುಂಗಿದವು. ಮೊಬೈಲಿನಲ್ಲಿ ಮಾರಿದ್ದರೂ ಈರುಳ್ಳಿ ಮೊಬೈಲಿನಲ್ಲಿ ಹೋಗುತ್ತಿರಲಿಲ್ಲ, ಲಾರಿಯಲ್ಲೇ ಹೋಗಬೇಕಿತ್ತು.

ಕಂಪ್ಯೂಟರ್ ಬರುವ ಮುಂಚೆಯೂ ರೈತನನ್ನು ಪಟ್ಟಣಕ್ಕೆ ನೇರ ಮಾಡಿದ ಏರ್ಪಾಟುಗಳಿದ್ದವು. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದೇ ಇವತ್ತಿನ ಹಾಪ್‌ಕಾಮ್ಸ್. 1999ರಲ್ಲಿ ತಮಿಳುನಾಡು ಮಧುರೆಯಿಂದ ಶುರುಮಾಡಿ ಉಳವರ್ ಸಂದೈಗಳನ್ನು ತೆರೆಯಿತು. ಅಲ್ಲಿ ರೈತರು ತರಕಾರಿ ಬುಟ್ಟಿಯ ಸಮೇತ ಬಸ್ಸಿನಲ್ಲಿ ಬರಲು ಏರ್ಪಾಟು ಮಾಡಿದರು. ನಮ್ಮ ಮಟ್ಟಿಗೆ ಆ ಬಸ್ಸು ಬಹಳ ದೊಡ್ಡ ತಂತ್ರಜ್ಞಾನ. ಮೂರು ಚೀಲದವನ ಕಷ್ಟ ಬಲ್ಲವನು ಮೊದಲು ಬಸ್ಸು ಯೋಚಿಸುತ್ತಾನೆ, ಆಮೇಲೆ ಪರದೆ.

5

ಹಾಗಾದರೆ ಈ ಪರದೆ ನಮ್ಮವರಿಗೆ ಏನೂ ಅಲ್ಲವೇ? ಆಗಬಲ್ಲದು. ಇದನ್ನು ಹೇಳದಿದ್ದರೆ ನಮ್ಮ ವಿಮರ್ಶೆ ಪ್ರಾಮಾಣಿಕವಾಗುವುದಿಲ್ಲ.

ಹಳೇ ಸಂತೆಯಲ್ಲಿ ಟವಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ಟವಲ್ಲಿನ ಕೆಳಗೆ ಏನಾಯಿತು ಅಂತ ಮಾಲಿನವನಿಗೇ ಗೊತ್ತಾಗುತ್ತಿರಲಿಲ್ಲ. ಕಣದಲ್ಲಿ ನಮ್ಮ ಅಜ್ಜಂದಿರು ದೂರ ನಿಂತು ಆಯ ಪಡೆಯುತ್ತಿದ್ದರು. ಕೊಟ್ಟವನ ಮೊರವೇ ಅಳತೆ, ಅವನ ಮುಖವೇ ದರ. 11 ರಾಜ್ಯಗಳ 565 ಹಳ್ಳಿಗಳಲ್ಲಿ ನಡೆದ ಅಸ್ಪೃಶ್ಯತೆಯ ಸಮೀಕ್ಷೆಯೊಂದು 2006ರಲ್ಲಿ ಪುಸ್ತಕವಾಗಿ ಬಂತು. ನೂರಕ್ಕೆ 35ರಷ್ಟು ಹಳ್ಳಿಗಳಲ್ಲಿ ದಲಿತರು ತಮ್ಮ ಮಾಲನ್ನು ಊರ ಮಾರುಕಟ್ಟೆಯಲ್ಲಿ ಮಾರುವುದಕ್ಕೆ ತಡೆ ಇದ್ದದ್ದು ಅದರಲ್ಲಿ ದಾಖಲಾಗಿದೆ. ಇಂಥ ದೇಶದಲ್ಲಿ ಚೀಲಕ್ಕೆ ಒಂದು ಲಾಟ್ ನಂಬರು ಕೊಟ್ಟು, ಬೆಳೆದವನ ಮುಖ ನೋಡದೆ ದರ ಬರೆಯಿರಿ ಅನ್ನೋದು ಸಣ್ಣ ಮಾತಲ್ಲ. ನಂಬರಿಗೆ ಕೇರಿಯಿಲ್ಲ. ಯಂತ್ರದ ತಕ್ಕಡಿಗೆ ಮೈಲಿಗೆಯಿಲ್ಲ. ಇದನ್ನು ನಾವು ಎರಡು ಕೈಯಲ್ಲಿ ಸ್ವಾಗತಿಸುತ್ತೇವೆ.

ಆದರೆ ಇಲ್ಲೂ ಎಚ್ಚರ ಬೇಕು. ಪಟ್ಟಣದ ಗಿರಾಕಿಗೆ ತರಕಾರಿಯನ್ನು ಮನೆಬಾಗಿಲಿಗೆ ತಲುಪಿಸುವವರು ಪೊಟ್ಟಣದ ಮೇಲೆ ರೈತನ ಫೋಟೋ ಹಾಕಿ, ಹೆಸರು ಹಾಕಿ, ಇವರೇ ನಿಮ್ಮ ರೈತ ಅಂತ ತೋರಿಸುವ ಚಾಳಿ ಬೆಳೆಯುತ್ತಿದೆ. ಬಿಳಿ ರುಮಾಲು, ಮೀಸೆ, ಹಸಿರು ಹೊಲ. ಆ ಫೋಟೋದಲ್ಲಿ ನಿಲ್ಲುವವರು ಯಾರು? ಟೊಮೆಟೊ ಕಿತ್ತ ಹೆಂಗಸು ಅಲ್ಲಿ ನಿಲ್ಲುತ್ತಾಳೆಯೇ? ಹೆಸರಿನ ಕೊನೆಯ ಅಕ್ಷರಗಳಲ್ಲೇ ಜಾತಿ ಹುಡುಕುವ ಈ ದೇಶದಲ್ಲಿ ಹೆಸರು ತೋರಿಸುವುದು ಬೆಳೆದವರ ಇಷ್ಟಕ್ಕೆ ಬಿಟ್ಟದ್ದಾಗಿರಬೇಕು. ದುಡ್ಡು ಹೋಗುವ ಕಡೆ ಹೆಸರು ಬೇಕು, ದರ ಕಟ್ಟುವ ಕಡೆ ಹೆಸರು ಬೇಡ. ಈಗಿನ ನಮೂನೆಗಳಲ್ಲಿ ಬಹಳ ಸಲ ಇದು ತಲೆಕೆಳಗಾಗಿದೆ.

6

1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪೆ ಎಂಬ ಊರಿನ ಸಂತೆಯಲ್ಲಿ ರೈತರು ಸಾಹುಕಾರರ ಮನೆ ಅಂಗಡಿಗಳಿಗೆ ನುಗ್ಗಿದರು. ಅವರು ಮುಖ್ಯವಾಗಿ ಹುಡುಕಿದ್ದು ಸಾಲದ ಪತ್ರಗಳನ್ನು, ಲೆಕ್ಕದ ಪುಸ್ತಕಗಳನ್ನು. ಸಿಕ್ಕವನ್ನು ಸುಟ್ಟರು. ಓದು ಬಾರದವರಿಗೂ ತಮ್ಮ ಕೊರಳ ಹಗ್ಗ ಎಲ್ಲಿದೆ ಎನ್ನುವುದು ಚೆನ್ನಾಗಿ ಗೊತ್ತಿತ್ತು.

2024ರ ಮಾರ್ಚ್ 11ರಂದು ನಮ್ಮ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಒಮ್ಮೆಲೇ ಕುಸಿದಾಗ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದನ್ನು ನಾವು ಹೊಗಳುವುದಿಲ್ಲ. ಆದರೆ ಅದನ್ನು ಓದದೆ ಬಿಡುವುದೂ ತಪ್ಪು. ಅದು ಟವಲ್ಲಿನ ಕಾಲದ ಸಂತೆಯಲ್ಲ, ಇ-ಟೆಂಡರ್ ನಡೆಯುವ ಹೆಸರುವಾಸಿ ಮಾರುಕಟ್ಟೆ. ದರ ಎಲ್ಲರಿಗೂ ಕಾಣುತ್ತಿತ್ತು. ಯಾಕೆ ಬಿತ್ತು ಅಂತ ಕೇಳಿದರೆ ಉತ್ತರ ಹೇಳುವವರು ಕಾಣುತ್ತಿರಲಿಲ್ಲ. ಮೊದಲು ಬೈಯಲು ಎದುರಿಗೆ ಒಬ್ಬ ದಲ್ಲಾಳಿಯಾದರೂ ಇದ್ದ. ಪರದೆಯನ್ನು ಬೈದರೆ ಯಾರು ಕೇಳಿಸಿಕೊಳ್ಳುತ್ತಾರೆ? ಪಾರದರ್ಶಕ ಎನ್ನುವ ಪದವನ್ನು ಈ ಮಾರುಕಟ್ಟೆಯವರು ಮಾತಿಗೊಂದು ಸಲ ಹೇಳುತ್ತಾರೆ. ನಮಗೆ ಅದರ ಜೊತೆಗೆ ಹೊಣೆಯೂ ಬೇಕು.

2020ರ ಮೂರು ಕೃಷಿ ಕಾಯ್ದೆಗಳಲ್ಲಿ ಒಂದು ಹೀಗೇ ಹೊಣೆಯಿಲ್ಲದ 'ನೇರ'ವನ್ನು ತರಲು ಹೊರಟಿತ್ತು. ಪ್ಯಾನ್ ಕಾರ್ಡ್ ಇದ್ದವನು ಮಂಡಿಯ ಹೊರಗೆ ಎಲ್ಲಿ ಬೇಕಾದರೂ ಕೊಳ್ಳಬಹುದು. ಜಗಳ ಬಂದರೆ ರೈತ ಉಪವಿಭಾಗಾಧಿಕಾರಿಯ ಬಾಗಿಲಿಗೆ ಹೋಗಬೇಕು, ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ. ದಿಲ್ಲಿಯ ಗಡಿಯಲ್ಲಿ ವರ್ಷವಿಡೀ ರೈತರು ಕೂತ ಮೇಲೆ 2021ರ ನವೆಂಬರಿನಲ್ಲಿ ಆ ಕಾಯ್ದೆಗಳು ರದ್ದಾದವು. ಕಾಯ್ದೆ ಹೋಯಿತು, ಅದರ ಹಿಂದಿನ ಆಲೋಚನೆ ಹೋಗಿಲ್ಲ.

ಆದ್ದರಿಂದ ಇಂಥ ಮಾರುಕಟ್ಟೆ ಕಟ್ಟುವವರ ಮುಂದೆ, ಅವರು ಸರ್ಕಾರದವರಾಗಲಿ ಕಂಪನಿಯವರಾಗಲಿ ನಮ್ಮ ಹುಡುಗರೇ ಆಗಲಿ, ಕೆಲವು ಮಾತುಗಳನ್ನು ಇಡುತ್ತೇವೆ.

ನಮೂನೆಯ ಮೊದಲ ಕಾಲಂ ಉಳುವವರದಾಗಿರಲಿ. ಪಹಣಿ ಇಲ್ಲದವರಿಗೆ ಗ್ರಾಮಸಭೆಯ ಸಾಕ್ಷಿ, ಕೂಲಿಕಾರರ ಸಂಘದ ಸಾಕ್ಷಿ ಸಾಲಬೇಕು. ಇದು ನೆಲದ ಹಕ್ಕು ಕೇಳುವ ಅರ್ಜಿಯಲ್ಲ, ಬೆಳೆದ ಕಾಳು ಮಾರುವ ಅರ್ಜಿ. ಇದಕ್ಕೆ ಒಡೆತನದ ಕಾಗದ ಯಾಕೆ ಬೇಕು? ವಾರಕ್ಕೆ ಮಾಡಿದ ಬೆಳೆಯ ಹಣ ಎರಡು ಖಾತೆಗೆ ಎರಡು ಪಾಲಾಗಿ ಹೋಗಲಿ. ಹೆಂಗಸು ಬೆಳೆದದ್ದು ಹೆಂಗಸಿನ ಖಾತೆಗೇ ಹೋಗಲಿ. ಯಂತ್ರಕ್ಕೆ ಇದು ಕಷ್ಟದ ಕೆಲಸವಲ್ಲ. ಕಷ್ಟ ಇರುವುದು ಮಾಡಿಸುವವರ ಮನಸ್ಸಿನಲ್ಲಿ.

ಬಿತ್ತನೆಯ ಸಾಲದಿಂದ ಶುರುಮಾಡಿ. ಸುಗ್ಗಿಗೆ ಬಂದು ನಿಮ್ಮ ಬೆಳೆಗೆ ಒಳ್ಳೆ ದರ ಕೊಡಿಸುತ್ತೇವೆ ಅನ್ನೋರು ಮೇ ತಿಂಗಳಲ್ಲಿ ಎಲ್ಲಿದ್ದರು? ಕಡಿಮೆ ಬಡ್ಡಿಗೆ ಬೀಜದ ದುಡ್ಡು, ಉಗ್ರಾಣದಲ್ಲಿಟ್ಟ ಚೀಲದ ರಸೀದಿಯ ಮೇಲೆ ಆ ದಿನವೇ ಸಾಲ, ಇವೆರಡೂ ಇಲ್ಲದ ಮಾರುಕಟ್ಟೆ ಇದ್ದವರ ಮಾರುಕಟ್ಟೆಯಾಗುತ್ತದೆ. ಮೂರು ಚೀಲ, ಐದು ಚೀಲವನ್ನು ಊರಲ್ಲೇ ತೂಗಿ, ಗುಣ ನೋಡಿ, ಕೂಡಿಸುವ ಕೆಲಸವನ್ನು ಕೇರಿಯ ಹೆಂಗಸರ ಸಂಘಗಳಿಗೆ ಸಂಬಳ ಕೊಟ್ಟು ಒಪ್ಪಿಸಿ. ಸಾಗಾಣಿಕೆಯ ಖರ್ಚನ್ನು ಒಟ್ಟು ಲೆಕ್ಕದಲ್ಲಿ ಹಂಚಿ, ಸಣ್ಣವನ ತಲೆಗೆ ಕಟ್ಟಬೇಡಿ.

ಹಮಾಲರನ್ನು, ತೂಗುವವರನ್ನು, ಕಾಳು ಹಸನು ಮಾಡುವವರನ್ನು, ಬ್ಯಾಡಗಿಯಲ್ಲಿ ದಿನವಿಡೀ ಖಾರದ ಘಾಟಿನಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರನ್ನು ಈ ಮಾರುಕಟ್ಟೆಯ ಆಡಳಿತದಲ್ಲಿ ಕೂರಿಸಿ. ಎಪಿಎಂಸಿ ಅಂಗಳದ ದುಡಿಮೆಯೆಲ್ಲ ಇವರದು. ಪರದೆಯ ಮೇಲೆ ಇವರಿಗೊಂದು ಚುಕ್ಕೆಯಷ್ಟೂ ಜಾಗವಿಲ್ಲ. ಜಗಳ ಬಂದರೆ ಹೋಬಳಿಯಲ್ಲೇ ಒಬ್ಬ ಮನುಷ್ಯ ಕೂತಿರಲಿ. ಅವನು ನಮ್ಮ ಮಾತಿನಲ್ಲಿ ಕೇಳಲಿ, ನಮ್ಮ ಮಾತಿನಲ್ಲಿ ಉತ್ತರ ಹೇಳಲಿ. ಅಕ್ಷರ ಬಾರದವರು ಬಾಯಿಮಾತಿನಲ್ಲಿ ದೂರು ಕೊಡುವಂತಿರಲಿ.

ಈ ಪತ್ರಿಕೆ ಓದುವವರಲ್ಲಿ ಮೇಷ್ಟ್ರುಗಳಿದ್ದೀರಿ, ವಿದ್ಯಾರ್ಥಿಗಳಿದ್ದೀರಿ, ಸಂಘಟನೆಯಲ್ಲಿ ಓಡಾಡುವವರಿದ್ದೀರಿ. ಹಳ್ಳಿಯಲ್ಲಿ ಈ ನಮೂನೆಗಳನ್ನು ತುಂಬಿಕೊಡುವವರು ಬಹಳ ಸಲ ನೀವೇ. ಈ ಸುಗ್ಗಿಯಲ್ಲಿ ತುಂಬುವಾಗ ಎಲ್ಲಿ ನಿಂತಿತು, ಯಾರ ಹೆಸರು ಹೊಂದಲಿಲ್ಲ, ಹಣ ಯಾರ ಖಾತೆಗೆ ಹೋಯಿತು ಎನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಳೆ ಮಂಡಿಯ ಮುಂದೆ, ಕಚೇರಿಯ ಮುಂದೆ ಕೂತಾಗ ಆ ಪುಸ್ತಕ ಬೇಕಾಗುತ್ತದೆ.

ನಮ್ಮ ಗೆಳೆಯನ ತಾಯಿ ಮುಂದಿನ ಸಲವೂ ಬಿತ್ತುತ್ತಾಳೆ. ಮೊಬೈಲ್ ಬೇಡ ಅಂತ ಅವಳು ಹೇಳಿಲ್ಲ. 'ಅದರಲ್ಲಿ ನನ್ನ ಹೆಸರು ಬರೋ ಹಂಗೆ ಮಾಡು' ಅಂದಿದ್ದಾಳೆ. ಮಗನ ಬಳಿ ಇನ್ನೂ ಉತ್ತರವಿಲ್ಲ.